ಪಾಲಿಮರ್‌ಗೆ ಬೆಸೆದ ಆಂಟಿಆಕ್ಸಿಡೆಂಟ್: ಎಲ್ಲಿ ನಿಲ್ಲಬೇಕು, ಎಲ್ಲಿ ಚಲಿಸಬೇಕು

ಜೈವಿಕ ಔಷಧಗಳನ್ನು ತಯಾರಿಸುವ ಘಟಕಗಳಲ್ಲಿ ಜೀವಕೋಶಗಳನ್ನು ಬೆಳೆಸಲು ಉಕ್ಕಿನ ತೊಟ್ಟಿಗಳ ಬದಲಿಗೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಗಳನ್ನು ಬಳಸುವ ಪದ್ಧತಿ ಈಗ ವ್ಯಾಪಕವಾಗಿದೆ. ಇಂಥ ಕೆಲವು ಚೀಲಗಳಲ್ಲಿ ಕೋಶಗಳು ನಿರೀಕ್ಷೆಯಂತೆ ಬೆಳೆಯುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಕಾರಣವನ್ನು ಚೀಲದ ಗೋಡೆಯಲ್ಲಿಯೇ ಪತ್ತೆ ಮಾಡಿತು. ಪಾಲಿಎಥಿಲೀನ್ ಹಾಳಾಗದಿರಲೆಂದು ಬೆರೆಸಿದ್ದ ಫಾಸ್ಫೈಟ್ ವರ್ಗದ ಆಂಟಿಆಕ್ಸಿಡೆಂಟ್, ತನ್ನ ಕೆಲಸ ಮಾಡುತ್ತಲೇ ಒಡೆದು ಬೇರೊಂದು ಫಾಸ್ಫೇಟ್ ಸಂಯುಕ್ತವಾಗಿ ಮಾರ್ಪಟ್ಟು, ಪೋಷಕ ದ್ರಾವಣಕ್ಕೆ ಇಳಿದಿತ್ತು. ಅತ್ಯಲ್ಪ ಪ್ರಮಾಣದಲ್ಲಿಯೂ ಅದು ಕೋಶಗಳ ಬೆಳವಣಿಗೆಯನ್ನು ತಡೆಯುತ್ತಿತ್ತು. ಪ್ಲಾಸ್ಟಿಕ್ಕನ್ನು ಕಾಯಬೇಕಾದ ವಸ್ತುವೇ ಪ್ಲಾಸ್ಟಿಕ್ಕಿನೊಳಗೆ ಇಟ್ಟಿದ್ದ ಜೀವಕ್ಕೆ ಎರವಾಗಿತ್ತು.

ಈ ಪ್ರಕರಣದಲ್ಲಿ ಆಂಟಿಆಕ್ಸಿಡೆಂಟ್ ದುರ್ಬಲವಾಗಿತ್ತು ಎನ್ನುವಂತಿಲ್ಲ. ರಾಸಾಯನಿಕವಾಗಿ ಅದು ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೆ. ಉತ್ಕರ್ಷಣವನ್ನು, ಅಂದರೆ ಆಮ್ಲಜನಕದೊಂದಿಗೆ ಸೇರಿ ಹಾಳಾಗುವುದನ್ನು, ತಡೆಯುವ ಗುಣವನ್ನು ಪಾಲಿಮರ್‌ನ (ಚಿಕ್ಕ ಘಟಕಗಳು ಸಾಲಾಗಿ ಜೋಡಿಕೊಂಡ ಉದ್ದನೆಯ ಅಣುವಿನ) ಸರಪಳಿಯ ಭಾಗವನ್ನಾಗಿಯೇ ಮಾಡಬೇಕೆಂಬ ಪ್ರಯತ್ನಗಳು ಇಂದು ವೈದ್ಯಕೀಯ ಸಾಧನ, ಆಹಾರದ ಪೊಟ್ಟಣ, ನೀರಿನ ಕೊಳವೆ ಮುಂತಾದ ಕ್ಷೇತ್ರಗಳಲ್ಲೆಲ್ಲ ನಡೆಯುತ್ತಿವೆ. ಈ ಪಾಲಿಮರ್‌ಗಳ ಬಗ್ಗೆ ಬರುವ ವರದಿಗಳಲ್ಲಿ ಹೆಚ್ಚಿನವು ಅವುಗಳ ಸಾಮರ್ಥ್ಯವನ್ನು ಮಾತ್ರ ಅಳೆದು ತೋರಿಸುತ್ತವೆ. ಆದರೆ ಬಳಕೆಯ ದೃಷ್ಟಿಯಿಂದ ನೋಡಿದರೆ, ಆಂಟಿಆಕ್ಸಿಡೆಂಟ್ ಗುಂಪು ಎಲ್ಲಿ ನೆಲೆಸಿದೆ, ಅಲ್ಲಿಂದ ಅಲುಗಾಡಬಲ್ಲದೇ ಇಲ್ಲವೇ ಎಂಬುದು ಸಾಮರ್ಥ್ಯದಷ್ಟೇ, ಹಲವು ಸಲ ಅದಕ್ಕಿಂತ ಹೆಚ್ಚು, ನಿರ್ಣಾಯಕವಾಗುತ್ತದೆ.

ಪಾಲಿಮರ್ ಹಾಳಾಗುವ ಬಗೆಯನ್ನು ಮೊದಲು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾಖ, ಬೆಳಕು, ಯಾಂತ್ರಿಕ ಎಳೆತ ಅಥವಾ ವಿಕಿರಣದಿಂದ ಸರಪಳಿಯ ಒಂದು ಬಂಧ ಮುರಿದಾಗ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊಂದಿರುವ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ತಕ್ಷಣ ಸೇರಿ ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ; ಪೆರಾಕ್ಸಿ ರ‍್ಯಾಡಿಕಲ್ ಪಕ್ಕದ ಸರಪಳಿಯಿಂದ ಒಂದು ಜಲಜನಕದ ಪರಮಾಣುವನ್ನು ಕಿತ್ತುಕೊಂಡು ಹೈಡ್ರೋಪೆರಾಕ್ಸೈಡ್ ಆಗುತ್ತದೆ; ಜಲಜನಕ ಕಳೆದುಕೊಂಡ ಜಾಗದಲ್ಲಿ ಮತ್ತೊಂದು ರ‍್ಯಾಡಿಕಲ್ ಉಳಿಯುತ್ತದೆ. ಇಲ್ಲಿಗೆ ಮುಗಿಯದೆ, ಹೈಡ್ರೋಪೆರಾಕ್ಸೈಡ್ ತಾನೂ ಒಡೆದು ಇನ್ನೆರಡು ರ‍್ಯಾಡಿಕಲ್‌ಗಳನ್ನು ಹುಟ್ಟುಹಾಕುವುದರಿಂದ ಕ್ರಿಯೆಯ ವೇಗ ಕಾಲ ಕಳೆದಂತೆ ಏರುತ್ತಲೇ ಹೋಗುತ್ತದೆ. ಪಾಲಿಪ್ರೊಪಿಲೀನ್‌ನಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಸುಲಭವಾಗಿ ಕೀಳಬಹುದಾದ ಜಲಜನಕವಿರುವುದರಿಂದ ಅದು ಪಾಲಿಎಥಿಲೀನ್‌ಗಿಂತ ಬೇಗ ಸೊರಗುತ್ತದೆ. ಈ ಸರಪಳಿ ಕ್ರಿಯೆಯ ಮೂಲ ಚೌಕಟ್ಟನ್ನು 1940ರ ದಶಕದಲ್ಲಿ ಬ್ರಿಟನ್ನಿನ ರಬ್ಬರ್ ಸಂಶೋಧಕರಾದ ಬೋಲಂಡ್ ಮತ್ತು ಜೀ ಅವರು ರೂಪಿಸಿದರು; ಇಂದಿಗೂ ಪಾಲಿಮರ್‌ಗಳ ಮುಪ್ಪನ್ನು ವಿವರಿಸಲು ಅದೇ ಆಧಾರ.

ಆಂಟಿಆಕ್ಸಿಡೆಂಟ್‌ಗಳು ಈ ಕ್ರಿಯೆಯನ್ನು ಎರಡು ಕಡೆ ತಡೆಯುತ್ತವೆ. ಫೀನಾಲ್ ಮತ್ತು ಆರೊಮ್ಯಾಟಿಕ್ ಅಮೀನ್‌ಗಳು ತಮ್ಮ ಜಲಜನಕವನ್ನು ಪೆರಾಕ್ಸಿ ರ‍್ಯಾಡಿಕಲ್‌ಗೆ ಕೊಟ್ಟು, ಅದು ಪಾಲಿಮರ್ ಸರಪಳಿಯ ಮೇಲೆ ಬೀಳದಂತೆ ಮಾಡುತ್ತವೆ. ಫಾಸ್ಫೈಟ್‌ಗಳು ಮತ್ತು ಗಂಧಕದ ಕೆಲವು ಸಂಯುಕ್ತಗಳು ಹೈಡ್ರೋಪೆರಾಕ್ಸೈಡನ್ನು ರ‍್ಯಾಡಿಕಲ್‌ಗಳಾಗಿ ಒಡೆಯಲು ಬಿಡದೆ, ನಿರುಪದ್ರವಿ ಆಲ್ಕೋಹಾಲ್ ಆಗಿ ಪರಿವರ್ತಿಸುತ್ತವೆ. ಒಂದು ಫೀನಾಲ್ ಗುಂಪು ಸಾಮಾನ್ಯವಾಗಿ ಎರಡು ಪೆರಾಕ್ಸಿ ರ‍್ಯಾಡಿಕಲ್‌ಗಳನ್ನು ನಿಭಾಯಿಸಿ ತಾನು ಮುಗಿದುಹೋಗುತ್ತದೆ. ಹಾಗಾಗಿ ಆಂಟಿಆಕ್ಸಿಡೆಂಟ್ ಎನ್ನುವುದು ಖರ್ಚಾಗುವ ದಾಸ್ತಾನು.

ಹೀಗೆ ಕೆಲಸ ಮಾಡಿ ಖರ್ಚಾಗುವುದು ಸಹಜ. ಏನೂ ಕೆಲಸ ಮಾಡದೆಯೇ ಅದು ಕಳೆದುಹೋಗುವುದು ನಿಜವಾದ ನಷ್ಟ. ಬಹುಕಾಲದಿಂದ ಬಳಕೆಯಲ್ಲಿರುವ ಬಿಎಚ್‌ಟಿ ಎಂಬ ಫೀನಾಲ್‌ನ ಅಣುತೂಕ ಕೇವಲ 220. ಇಷ್ಟು ಚಿಕ್ಕ ಅಣು ಪ್ಲಾಸ್ಟಿಕ್ ಕರಗಿಸುವ ತಾಪಮಾನದಲ್ಲಿ ಆವಿಯಾಗುತ್ತದೆ, ಉಳಿದದ್ದು ಮೇಲ್ಮೈಗೆ ಬಂದು ಎಣ್ಣೆಗೋ ನೀರಿಗೋ ಸೇರುತ್ತದೆ. ಕೊಳವೆಗಳ ವಿಷಯದಲ್ಲಿ ಇದು ಇಬ್ಬಗೆಯ ಹಾನಿ: ಪಾಲಿಎಥಿಲೀನ್ ಕೊಳವೆಯಿಂದ ಫೀನಾಲ್‌ನ ಒಡೆದ ತುಣುಕುಗಳು ಕುಡಿಯುವ ನೀರಿಗೆ ಇಳಿಯುವುದು ಅಳತೆಗಳಲ್ಲಿ ಕಂಡುಬಂದಿದೆ, ಇನ್ನೊಂದೆಡೆ, ನೀರನ್ನು ಶುದ್ಧಗೊಳಿಸಲು ಬಳಸುವ ಕ್ಲೋರಿನ್ ಡೈಆಕ್ಸೈಡ್ ಕೊಳವೆಯ ಒಳಮೈಯ ಆಂಟಿಆಕ್ಸಿಡೆಂಟನ್ನು ಬೇಗನೆ ತಿಂದುಹಾಕಿ, ಗೋಡೆ ಒಳಗಿನಿಂದಲೇ ಬಿರುಕು ಬಿಡಲು ದಾರಿ ಮಾಡುತ್ತದೆ.

ಉದ್ಯಮ ಇದಕ್ಕೆ ಕೊಟ್ಟ ಮೊದಲ ಉತ್ತರವೆಂದರೆ ಅಣುವನ್ನು ದೊಡ್ಡದು ಮಾಡುವುದು. ಬಿಎಚ್‌ಟಿಯನ್ನು ಹೋಲುವ ನಾಲ್ಕು ಫೀನಾಲ್ ಘಟಕಗಳನ್ನು ಒಂದೇ ಕೇಂದ್ರಕ್ಕೆ ಜೋಡಿಸಿ, ಸುಮಾರು 1178 ಅಣುತೂಕದ ಸಂಯುಕ್ತವನ್ನು ರೂಪಿಸಲಾಯಿತು; ಇರ್ಗಾನಾಕ್ಸ್ 1010 ಎಂಬ ವ್ಯಾಪಾರನಾಮದಲ್ಲಿ ಅದು ಪಾಲಿಓಲಿಫಿನ್ (ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ವರ್ಗದ ಪ್ಲಾಸ್ಟಿಕ್) ಉದ್ಯಮದ ಬೆನ್ನೆಲುಬಾಗಿದೆ. ರಬ್ಬರ್ ಉದ್ಯಮದಲ್ಲಿ ಟಿಎಂಕ್ಯೂ ಎಂಬ, ಕೆಲವು ಘಟಕಗಳಷ್ಟೇ ಉದ್ದದ ಕಿರುಸರಪಳಿಯ ಆಂಟಿಆಕ್ಸಿಡೆಂಟ್ ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ಬಿಸಿಲಿಗೆ ಒಡ್ಡುವ ಪ್ಲಾಸ್ಟಿಕ್ ಹಾಳೆಗಳಿಗೆ ಎರಡು ಮೂರು ಸಾವಿರ ಅಣುತೂಕದ, ಪಾಲಿಮರ್ ರೂಪದ ಅಮೀನ್‌ಗಳನ್ನು ಸೇರಿಸುತ್ತಾರೆ. ಇವುಗಳಿಗೊಂದು ವಿಶೇಷ ಗುಣವಿದೆ: ರ‍್ಯಾಡಿಕಲ್ ಹಿಡಿದ ಮೇಲೆ ಇವು ಮತ್ತೆ ಸಕ್ರಿಯ ರೂಪಕ್ಕೆ ಮರಳುತ್ತವೆ, ಆದ್ದರಿಂದ ಒಂದೇ ಅಣು ಅನೇಕ ಸುತ್ತು ದುಡಿಯುತ್ತದೆ. ಆಂಟಿಆಕ್ಸಿಡೆಂಟ್ ಪಾಲಿಮರ್ ಎಂಬುದು ಪ್ರಯೋಗಾಲಯದಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಸಂಗತಿ ಎಂಬ ಭಾವನೆ ಹಲವು ಬರಹಗಳಲ್ಲಿ ಕಾಣುತ್ತದೆಯಾದರೂ, ಸದ್ದಿಲ್ಲದೆ ದುಡಿಯುತ್ತಿರುವ ಈ ಹಳೆಯ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಸದರ ಬೆಲೆ ಕಟ್ಟಲಾಗದು.

ಇನ್ನೂ ಮುಂದಿನ ಹೆಜ್ಜೆ, ಆಂಟಿಆಕ್ಸಿಡೆಂಟ್ ಗುಂಪನ್ನು ಮುಖ್ಯ ಪಾಲಿಮರ್‌ಗೇ ರಾಸಾಯನಿಕ ಬಂಧದಿಂದ ಕಟ್ಟಿಹಾಕುವುದು. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಸ್ಕಾಟ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಈ ದಾರಿಯಲ್ಲಿ ಕೆಲಸ ಮಾಡಿದರು. ಪಾಲಿಮರ್ ತಯಾರಿಸುವಾಗಲೇ ಆಂಟಿಆಕ್ಸಿಡೆಂಟ್ ಹೊತ್ತ ಮಾನೊಮರ್ (ಸರಪಳಿಯ ಮೂಲ ಘಟಕ) ಸೇರಿಸಬಹುದು, ಅಥವಾ ಸಿದ್ಧ ಪಾಲಿಮರನ್ನು ಯಂತ್ರದಲ್ಲಿ ಕರಗಿಸಿ ಹಾಯಿಸುವಾಗ ಅದರ ಮೇಲೆ ನಾಟಿ ಮಾಡಬಹುದು. ಎರಡೂ ವಿಧಾನಗಳಲ್ಲಿ ತೊಡಕಿದೆ: ಪಾಲಿಮರ್ ಕಟ್ಟುವ ಕ್ರಿಯೆಯೇ ಹಲವು ಬಾರಿ ರ‍್ಯಾಡಿಕಲ್ ಕ್ರಿಯೆ; ರ‍್ಯಾಡಿಕಲ್‌ಗಳನ್ನು ನುಂಗುವ ಫೀನಾಲನ್ನು ಅದರೊಳಗೆ ಸೇರಿಸಿದರೆ ಕಟ್ಟುವ ಕೆಲಸವೇ ನಿಂತುಹೋಗಬಹುದು.

ಈ ಎಲ್ಲ ಎಳೆಗಳೂ ಒಂದೇ ಕಡೆ ಸೇರುವುದು ಕೃತಕ ಕೀಲುಗಳ ಕಥೆಯಲ್ಲಿ. ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ ಜಾನ್ ಚಾರ್ನ್‌ಲಿ, ಮೊದಲು ಬಳಸಿದ ಟೆಫ್ಲಾನ್ ಬೇಗ ಸವೆದುಹೋದದ್ದರಿಂದ, 1962ರಲ್ಲಿ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್‌ಗೆ ಬದಲಾಯಿಸಿದರು. ಇಂದಿಗೂ ಸೊಂಟ ಮತ್ತು ಮೊಣಕಾಲಿನ ಕೃತಕ ಕೀಲುಗಳಲ್ಲಿ ಲೋಹಕ್ಕೋ ಸೆರಾಮಿಕ್‌ಗೋ ಉಜ್ಜುವ ಮೆತ್ತೆಯಾಗಿ ಅದೇ ಪ್ಲಾಸ್ಟಿಕ್ ಇರುತ್ತದೆ. ಈ ಬಿಡಿಭಾಗಗಳನ್ನು ದಶಕಗಳ ಕಾಲ ಗಾಳಿ ತುಂಬಿದ ಪೊಟ್ಟಣದಲ್ಲಿಯೇ 25ರಿಂದ 40 ಕಿಲೋಗ್ರೇ (ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಗಾಮಾ ವಿಕಿರಣ ಹಾಯಿಸಿ ಕ್ರಿಮಿರಹಿತಗೊಳಿಸಲಾಗುತ್ತಿತ್ತು. ವಿಕಿರಣ ಹುಟ್ಟಿಸಿದ ರ‍್ಯಾಡಿಕಲ್‌ಗಳು ಪ್ಲಾಸ್ಟಿಕ್ಕಿನ ಸ್ಫಟಿಕ ಭಾಗಗಳಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಉಳಿಯುತ್ತವೆ. ಆಮ್ಲಜನಕ ನಿಧಾನವಾಗಿ ಒಳಸೇರಿದಂತೆ ಅವುಗಳನ್ನು ತಲುಪುತ್ತದೆ. ಇಂಥ ಭಾಗವೊಂದನ್ನು ಹೊರತೆಗೆದು ತೆಳುವಾಗಿ ಸೀಳಿ ನೋಡಿದಾಗ ಮೇಲ್ಮೈಯಿಂದ ಸ್ವಲ್ಪ ಒಳಗೆ ಬಿಳಿಯ ಪಟ್ಟಿಯೊಂದು ಎದ್ದು ಕಾಣುತ್ತಿತ್ತು. ಉತ್ಕರ್ಷಣದಿಂದ ಪೆಡಸಾದ ಪದರ ಅದು. ನಡೆದಾಡುವ ಭಾರಕ್ಕೆ ಆ ಪದರವೇ ಬಿರಿದು ಹೊಪ್ಪಳೆಯಾಗಿ ಏಳುತ್ತಿತ್ತು.

ಇದಕ್ಕೆ ಒಂದರ ಮೇಲೊಂದು ಪರಿಹಾರಗಳು ಬಂದವು, ಮತ್ತು ಪ್ರತಿ ಪರಿಹಾರವೂ ಹೊಸ ತೊಂದರೆಯನ್ನು ತಂದಿತು. ಹೆಚ್ಚು ವಿಕಿರಣ ಕೊಟ್ಟು ಸರಪಳಿಗಳನ್ನು ಪರಸ್ಪರ ಬೆಸೆದಾಗ ಸವೆತ ಗಣನೀಯವಾಗಿ ಇಳಿಯಿತು, ಆದರೆ ಉಳಿದುಕೊಳ್ಳುವ ರ‍್ಯಾಡಿಕಲ್‌ಗಳೂ ಹೆಚ್ಚಿದವು. ಅವನ್ನು ಹೋಗಲಾಡಿಸಲು ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸಿದರೆ ಸ್ಫಟಿಕತೆ ಕುಗ್ಗಿ ಬಲ ಕಡಿಮೆಯಾಗುತ್ತದೆ. ಕರಗುವ ಬಿಂದುವಿಗಿಂತ ಕೆಳಗೆ ಬಿಸಿ ಮಾಡಿದರೆ ಬಲ ಉಳಿಯುತ್ತದೆ, ಜೊತೆಗೆ ಒಂದಿಷ್ಟು ರ‍್ಯಾಡಿಕಲ್‌ಗಳೂ ಉಳಿಯುತ್ತವೆ. ವಿಟಮಿನ್ ಇ ಪ್ರವೇಶ ಪಡೆದದ್ದು ಈ ಇಕ್ಕಟ್ಟಿನಲ್ಲಿ. 2007ರಿಂದ ವಿಟಮಿನ್ ಇ ಸೇರಿಸಿದ ಪಾಲಿಎಥಿಲೀನ್ ಕೀಲುಗಳು ರೋಗಿಗಳ ಬಳಕೆಗೆ ಬಂದವು. ಇಲ್ಲಿಯೂ ನೆಲೆ ಮತ್ತು ಸಮಯದ ಪ್ರಶ್ನೆ ಬಿಡಲಿಲ್ಲ. ವಿಕಿರಣಕ್ಕೆ ಮೊದಲೇ ಬೆರೆಸಿದರೆ ವಿಟಮಿನ್ ಇ, ಸರಪಳಿಗಳನ್ನು ಬೆಸೆಯಬೇಕಾದ ರ‍್ಯಾಡಿಕಲ್‌ಗಳನ್ನೇ ನುಂಗಿಬಿಡುತ್ತದೆ. ಆದ್ದರಿಂದ ಬೆರೆಸುವ ಪ್ರಮಾಣವನ್ನು ತೀರ ಕಡಿಮೆ ಇಡಬೇಕು, ಇಲ್ಲವೇ ವಿಕಿರಣದ ಕೆಲಸ ಮುಗಿದ ಮೇಲೆ ಬಿಸಿಯಲ್ಲಿ ಒಳಕ್ಕೆ ಇಳಿಸಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ವಿಟಮಿನ್ ಇಯ ಬಹುಭಾಗವನ್ನು ಪಾಲಿಮರ್‌ಗೆ ರಾಸಾಯನಿಕವಾಗಿ ಕಟ್ಟಿಹಾಕಿಲ್ಲ. ಅದರ ಅಣುವಿಗೆ ಪಾಲಿಎಥಿಲೀನ್‌ನೊಂದಿಗೆ ಹೊಂದುವ ಉದ್ದನೆಯ ಹೈಡ್ರೋಕಾರ್ಬನ್ ಬಾಲವಿದೆ, ನೀರೆಂದರೆ ಅದಕ್ಕೆ ಆಗದು. ಸುತ್ತಲಿನ ದ್ರವ ನೀರಿನಂಶದ್ದಾದ ಕಾರಣ ಹೊರಹೋಗುವ ಒತ್ತಡ ಅದಕ್ಕೆ ಕಡಿಮೆ. ಅದೇ ವಿಟಮಿನ್ ಇಯನ್ನು ಎಣ್ಣೆ ತುಂಬುವ ಡಬ್ಬಿಯ ಪ್ಲಾಸ್ಟಿಕ್‌ನಲ್ಲಿ ಬೆರೆಸಿದ್ದರೆ ಅದು ಸಲೀಸಾಗಿ ಎಣ್ಣೆಗೆ ಜಾರುತ್ತಿತ್ತು. ಹಾಗಾಗಿ ಆಂಟಿಆಕ್ಸಿಡೆಂಟನ್ನು ಹಿಡಿದಿಡಲು ಬಂಧವೇ ಬೇಕೆಂದಿಲ್ಲ. ಸುತ್ತಲಿನ ಮಾಧ್ಯಮ ಯಾವುದು ಎಂಬುದನ್ನು ನೋಡಿ ತೀರ್ಮಾನಿಸಬೇಕು. ಈ ವಿವೇಚನೆ ಅನೇಕ ಪ್ರಬಂಧಗಳಲ್ಲಿ ಕಾಣದಿರುವುದು ನನಗೆ ಬೇಸರದ ವಿಷಯ.

ಆಹಾರದ ಪೊಟ್ಟಣಗಳಲ್ಲಿ ಎರಡು ತತ್ತ್ವಗಳು ಎದುರುಬದುರಾಗಿ ನಿಂತಿವೆ. ಆಂಟಿಆಕ್ಸಿಡೆಂಟ್ ನಿಧಾನವಾಗಿ ಪೊಟ್ಟಣದಿಂದ ಆಹಾರಕ್ಕೆ ಇಳಿದು ಜಿಡ್ಡು ಕಮಟದಂತೆ ಕಾಯಲಿ ಎಂಬುದು ಒಂದು. ಏನೂ ಇಳಿಯದೆ ಮೇಲ್ಮೈಯೇ ಕೆಲಸ ಮಾಡಲಿ ಎಂಬುದು ಇನ್ನೊಂದು. ಯುರೋಪಿಯನ್ ಒಕ್ಕೂಟದ ನಿಯಮ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ವಸ್ತುವಿಗೆ ಪ್ರತಿ ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ ಮಿತಿ ಹಾಕಿದೆ. ಎರಡನೆಯ ದಾರಿಯಲ್ಲಿ ಈ ಇಳಿಕೆಯ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಮೇಲ್ಮೈಗೆ ಕಟ್ಟಿದ ಫೀನಾಲ್ ತನಗೆ ತಾಗಿದ ತೆಳು ಪದರದ ರ‍್ಯಾಡಿಕಲ್‌ಗಳನ್ನಷ್ಟೇ ಹಿಡಿಯಬಲ್ಲದು. ಡಬ್ಬಿಯ ನಡುವೆ ಹುಟ್ಟಿದ ರ‍್ಯಾಡಿಕಲ್ ಗೋಡೆಯವರೆಗೆ ಬರುವಷ್ಟು ಕಾಲ ಬದುಕುವುದಿಲ್ಲ. ಇದನ್ನರಿತ ಅಮೆರಿಕದ ಸಂಶೋಧಕಿ ಜೂಲಿ ಗಾಡರ್ಡ್ ಅವರ ತಂಡ ರ‍್ಯಾಡಿಕಲ್‌ಗಳನ್ನು ಬಿಟ್ಟು ಕಬ್ಬಿಣದ ಅಯಾನುಗಳ ಬೆನ್ನು ಹತ್ತಿತು. ಆಹಾರದಲ್ಲಿ ಹೈಡ್ರೋಪೆರಾಕ್ಸೈಡ್‌ಗಳನ್ನು ಒಡೆದು ಉತ್ಕರ್ಷಣಕ್ಕೆ ಚಾಲನೆ ಕೊಡುವುದು ಹಲವು ಬಾರಿ ಈ ಅಯಾನುಗಳೇ. ಪಾಲಿಪ್ರೊಪಿಲೀನ್‌ನ ಮೇಲ್ಮೈಗೆ ಪಾಲಿಅಕ್ರಿಲಿಕ್ ಆಮ್ಲದ ಸರಪಳಿಗಳನ್ನು ನಾಟಿ ಮಾಡಿ ಆ ತಂಡ ಅಯಾನುಗಳನ್ನು ಸೆಳೆದಿಟ್ಟುಕೊಂಡಿತು. ರ‍್ಯಾಡಿಕಲ್‌ನಂತೆ ಅಯಾನು ಕ್ಷಣಜೀವಿಯಲ್ಲ. ದ್ರವದಲ್ಲಿ ಅಲೆಯುತ್ತ ಒಂದಲ್ಲ ಒಂದು ಹೊತ್ತಿನಲ್ಲಿ ಗೋಡೆಗೆ ಬಂದೇ ಬರುತ್ತದೆ. ಕಟ್ಟಿಹಾಕಿದ ಆಂಟಿಆಕ್ಸಿಡೆಂಟ್‌ನ ಮಿತಿಯನ್ನು ಒಪ್ಪಿಕೊಂಡೇ ಹೆಣೆದ ಈ ಉಪಾಯ, ಈ ಕ್ಷೇತ್ರದ ಅತ್ಯಂತ ವಿವೇಕದ ಕೆಲಸಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ.

ತಾವೇ ಆಂಟಿಆಕ್ಸಿಡೆಂಟ್ ಆಗಿರುವ ಪಾಲಿಮರ್‌ಗಳೂ ಇವೆ. ಮರದ ಲಿಗ್ನಿನ್, ಸಸ್ಯಗಳ ಟ್ಯಾನಿನ್, ಚರ್ಮದ ಮೆಲನಿನ್ ಇವೆಲ್ಲ ಫೀನಾಲ್ ಮತ್ತು ಅದರ ಬಂಧುಗಳಿಂದ ತುಂಬಿದವು. ಕಾಗದ ಉದ್ಯಮದಲ್ಲಿ ಲಿಗ್ನಿನ್ ಅಪಾರ ಪ್ರಮಾಣದಲ್ಲಿ ಬೇರ್ಪಟ್ಟು, ಬಹುಪಾಲು ಇಂಧನವಾಗಿ ಸುಟ್ಟುಹೋಗುತ್ತಿರುವುದರಿಂದ ಅದನ್ನು ಪ್ಲಾಸ್ಟಿಕ್‌ಗೆ ಸೇರಿಸುವ ಆಸೆ ಸಹಜ. ಆದರೆ ಅದು ಕಡುಕಂದು, ಅದಕ್ಕೊಂದು ವಾಸನೆಯಿದೆ, ಒಂದು ಮರದಿಂದ ಬಂದದ್ದು ಇನ್ನೊಂದರಂತಿಲ್ಲ, ಪಾಲಿಪ್ರೊಪಿಲೀನ್‌ನಲ್ಲಿ ಸರಿಯಾಗಿ ಬೆರೆಯುವುದೂ ಇಲ್ಲ. ಬಣ್ಣ ಮುಖ್ಯವಲ್ಲದ ಕಡೆ ಮಾತ್ರ ಅದಕ್ಕೆ ಭವಿಷ್ಯವಿದೆ. ಪಾಲಿಅನಿಲೀನ್‌ನಂಥ ವಿದ್ಯುದ್ವಾಹಕ ಪಾಲಿಮರ್‌ಗಳು ರ‍್ಯಾಡಿಕಲ್ ಹಿಡಿಯಬಲ್ಲವೆಂದು ನ್ಯೂಜಿಲೆಂಡಿನ ಆಕ್ಲೆಂಡ್‌ನ ಸಂಶೋಧಕರು 2000ರ ದಶಕದಲ್ಲಿ ತೋರಿಸಿದ್ದಾರೆ.

ವೈದ್ಯಕೀಯದಲ್ಲಿ ಪಾಲಿಮರ್ ರೂಪಕ್ಕೆ ಇರುವ ಕಾರಣ ಬೇರೆಯದು. ಚಿಕ್ಕ ಆಂಟಿಆಕ್ಸಿಡೆಂಟ್ ಅಣು ರಕ್ತದಿಂದ ಬೇಗನೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ಇಲ್ಲವೇ ಆರೋಗ್ಯವಂತ ಕೋಶಗಳಿಗೂ ನುಗ್ಗಿ ಅಲ್ಲಿನ ಸಹಜ ವ್ಯವಹಾರವನ್ನು ಕೆಡಿಸುತ್ತದೆ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ನಾಗಾಸಾಕಿ ಅವರ ತಂಡ ಟೆಂಪೋ ಎಂಬ ಸ್ಥಿರ ರ‍್ಯಾಡಿಕಲನ್ನು ಪಾಲಿಮರ್‌ಗೆ ಕಟ್ಟಿ ನ್ಯಾನೋಕಣವಾಗಿಸಿದ್ದು ಈ ಎರಡನ್ನೂ ತಪ್ಪಿಸಲೆಂದೇ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಿಟ್ರಿಕ್ ಆಮ್ಲದಿಂದ ಕಟ್ಟಿದ, ದೇಹದಲ್ಲಿ ಕರಗಿಹೋಗುವ ರಬ್ಬರಿನಂಥ ಪಾಲಿಮರ್‌ಗೆ ವಿಟಮಿನ್ ಸಿಯನ್ನು ಸೇರಿಸಿದ್ದಾರೆ. ಸರಪಳಿ ಕರಗಿದಂತೆ ಆಂಟಿಆಕ್ಸಿಡೆಂಟ್ ಗುಣ ಸುತ್ತಲಿನ ಅಂಗಾಂಶಕ್ಕೆ ದೊರೆಯುತ್ತದೆ. ಗಂಧಕದ ಬಂಧಗಳಿರುವ ಪಾಲಿಪ್ರೊಪಿಲೀನ್ ಸಲ್ಫೈಡ್ ಇನ್ನೂ ಸೊಗಸಾದದ್ದು: ನೀರನ್ನು ದೂರವಿಡುವ ಈ ಸರಪಳಿ ಉರಿಯೂತದ ಜಾಗದ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ಸಲ್ಫಾಕ್ಸೈಡ್ ಆಗಿ, ಮುಂದೆ ಸಲ್ಫೋನ್ ಆಗಿ, ನೀರಿಗೆ ಒಗ್ಗುವಂತೆ ಬದಲಾಗುತ್ತದೆ; ಆಗ ಅದರಿಂದ ಕಟ್ಟಿದ ಸೂಕ್ಷ್ಮ ಚೀಲ ಬಿಚ್ಚಿಕೊಂಡು ಒಳಗಿನ ಔಷಧವನ್ನು ಅಲ್ಲಿಯೇ ಬಿಡುತ್ತದೆ. ಇದನ್ನು 2004ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಖರ್ಚಾಗುವುದೇ ಇಲ್ಲಿ ಸಂಕೇತವಾಗಿ ಕೆಲಸಕ್ಕೆ ಬರುತ್ತದೆ.

ಗಾಯಕ್ಕೆ ಹಚ್ಚುವ ಜೆಲ್‌ಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಪಾಲಿಡೋಪಮಿನ್ ಅಥವಾ ಟ್ಯಾನಿಕ್ ಆಮ್ಲ ಸೇರಿಸಿದ ಜೆಲ್‌ಗಳ ಕುರಿತು ಪ್ರಬಂಧಗಳ ಪ್ರವಾಹವೇ ಹರಿಯುತ್ತಿದೆ. ದೀರ್ಘಕಾಲ ಮಾಗದ ಹುಣ್ಣಿನಲ್ಲಿ ಉತ್ಕರ್ಷಕಗಳ ಅತಿರೇಕ ಹಾನಿಕರವೆಂಬುದು ನಿಜ. ಆದರೆ ಹೊಸ ಗಾಯದಲ್ಲಿ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಇದೇ ಉತ್ಕರ್ಷಕಗಳಿಂದ. ಅವನ್ನು ಮೊದಲ ದಿನವೇ ಅಳಿಸಿಹಾಕುವುದು ಹಿತವಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಬೀಟಾ ಕ್ಯಾರೊಟೀನ್ ಎಂಬ ಆಂಟಿಆಕ್ಸಿಡೆಂಟ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಹೆಚ್ಚಾಗಿತ್ತು. ಆಂಟಿಆಕ್ಸಿಡೆಂಟ್ ಎಂಬ ಹಣೆಪಟ್ಟಿಯೊಂದೇ ಒಳಿತಿನ ಖಾತರಿಯಲ್ಲ.

ಅಳತೆಯ ವಿಧಾನಗಳು ಈ ಗೊಂದಲವನ್ನು ಹೆಚ್ಚಿಸಿವೆ. ಬಹುತೇಕ ವರದಿಗಳು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ಸ್ಥಿರ ರ‍್ಯಾಡಿಕಲ್‌ನ ದ್ರಾವಣಕ್ಕೆ ಪಾಲಿಮರನ್ನು ಸೇರಿಸಿ, 517 ನ್ಯಾನೋಮೀಟರ್ ತರಂಗಾಂತರದಲ್ಲಿ ಬಣ್ಣ ಎಷ್ಟು ಇಳಿಯಿತೆಂದು ಅಳೆಯುತ್ತವೆ. ಇದು ಸುಲಭ ಮತ್ತು ಅಗ್ಗ. ಆದರೆ ಈ ರ‍್ಯಾಡಿಕಲ್ ದೇಹದಲ್ಲಿಯೂ ಇಲ್ಲ, ಪ್ಲಾಸ್ಟಿಕ್‌ನಲ್ಲಿಯೂ ಇಲ್ಲ. ಪಾಲಿಮರ್ ಆ ಮೆಥನಾಲ್ ದ್ರಾವಣದಲ್ಲಿ ಕರಗದಿದ್ದರೆ ಅಳತೆ ತೋರಿಸುವುದು ಅದರ ಮೇಲ್ಮೈ ವಿಸ್ತೀರ್ಣವನ್ನೇ ಹೊರತು ಒಳಗಿನ ಗುಣವನ್ನಲ್ಲ. ಬಂಧಿಸದೆ ಉಳಿದ ಒಂದಿಷ್ಟು ಫೀನಾಲ್ ದ್ರಾವಣಕ್ಕೆ ಸೋರಿದರೂ ಫಲಿತಾಂಶ ಅದ್ಭುತವಾಗಿ ಕಾಣುತ್ತದೆ. ಪ್ಲಾಸ್ಟಿಕ್ ಉದ್ಯಮ ಬಳಸುವ ಇನ್ನೊಂದು ಪರೀಕ್ಷೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮ್ಲಜನಕದ ನಡುವೆ, ಉತ್ಕರ್ಷಣ ಆರಂಭವಾಗಲು ಹಿಡಿಯುವ ಕಾಲವನ್ನು ನೋಡುತ್ತಾರೆ. ಕರಗಿದ ಸ್ಥಿತಿಯಲ್ಲಿ ಪಡೆದ ಅಂಕಿಯಿಂದ ಘನರೂಪದ ಕೊಳವೆ 50 ವರ್ಷ ಬಾಳುತ್ತದೆಂದು ಹೇಳುವುದು ದುಸ್ಸಾಹಸ. ಬಂಧಿತ ಆಂಟಿಆಕ್ಸಿಡೆಂಟ್ ಎಂದು ಹೇಳಿಕೊಳ್ಳುವ ಪ್ರತಿ ವಸ್ತುವನ್ನೂ ಮೊದಲು ಬಿಸಿ ದ್ರಾವಕದಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಅಳೆದ ಅಂಕಿಯನ್ನು ಮಾತ್ರ ಪ್ರಕಟಿಸುವುದು ಕಡ್ಡಾಯವಾಗಬೇಕು. ಆ ಒಂದು ಹೆಜ್ಜೆ ಇಟ್ಟರೆ ಈಗಿರುವ ಅನೇಕ ಆಕರ್ಷಕ ಫಲಿತಾಂಶಗಳು ಕುಗ್ಗುತ್ತವೆ.

ಕಟ್ಟಿಹಾಕುವ ತಂತ್ರ ಕೈಕೊಡುವ ಸ್ಪಷ್ಟ ಉದಾಹರಣೆ ವಾಹನಗಳ ಟೈರ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ನಗರದ ಹೊಳೆಗಳಿಗೆ ಮರಳುತ್ತಿದ್ದ ಕೋಹೋ ಸಾಲ್ಮನ್ ಮೀನುಗಳು ಮಳೆಯ ಬೆನ್ನಲ್ಲೇ ರಾಶಿ ರಾಶಿಯಾಗಿ ಸಾಯುತ್ತಿದ್ದವು. 2020ರ ಡಿಸೆಂಬರ್‌ನಲ್ಲಿ ಇದರ ಮೂಲ ಬಯಲಾಯಿತು: ಟೈರ್‌ಗೆ ಬೆರೆಸುವ 6ಪಿಪಿಡಿ ಎಂಬ ಅಮೀನ್, ಓಝೋನ್ ಜೊತೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗಿ, ರಸ್ತೆಯ ನೀರಿನೊಂದಿಗೆ ಹೊಳೆ ಸೇರುತ್ತಿತ್ತು. ಲೀಟರಿಗೆ ಸುಮಾರು 95 ನ್ಯಾನೋಗ್ರಾಂ ಇದ್ದರೆ ಪರೀಕ್ಷೆಗೊಳಗಾದ ಮೀನುಗಳಲ್ಲಿ ಅರ್ಧದಷ್ಟು ಸಾಯುತ್ತವೆಂದು ನಂತರದ ಅಳತೆಗಳು ತೋರಿಸಿದವು. 6ಪಿಪಿಡಿ ಇರುವ ಟೈರ್‌ಗಳನ್ನು ಕ್ಯಾಲಿಫೋರ್ನಿಯಾ 2023ರಲ್ಲಿ ಆದ್ಯತಾ ಉತ್ಪನ್ನಗಳ ಪಟ್ಟಿಗೆ ಸೇರಿಸಿ, ಪರ್ಯಾಯಗಳನ್ನು ಪರಿಶೀಲಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ.

ಹಾಗಾದರೆ 6ಪಿಪಿಡಿಯನ್ನು ರಬ್ಬರ್ ಸರಪಳಿಗೇ ಬೆಸೆದುಬಿಟ್ಟರಾಗದೇ ಎಂದು ಕೇಳಬಹುದು. ಓಝೋನ್ ದಾಳಿ ಮಾಡುವುದು ಟೈರ್‌ನ ಹೊರಮೈಯ ದ್ವಿಬಂಧಗಳ ಮೇಲೆ. ಹೊರಮೈಯಲ್ಲಿರುವ 6ಪಿಪಿಡಿ ಓಝೋನನ್ನು ತಾನು ಮೊದಲು ಎದುರಿಸಿ ಖರ್ಚಾದಂತೆ, ಒಳಗಿನಿಂದ ಹೊಸ ಅಣುಗಳು ಸರಿದು ಬಂದು ಆ ಜಾಗವನ್ನು ತುಂಬುತ್ತವೆ. ವರ್ಷಗಳ ಕಾಲ ಟೈರ್ ಬಿರುಕು ಬಿಡದಿರುವುದು ಈ ನಿರಂತರ ಪೂರೈಕೆಯಿಂದ. ಬಂಧಿಸಿದರೆ ಸೋರಿಕೆಯೂ ನಿಲ್ಲುತ್ತದೆ, ಪೂರೈಕೆಯೂ ನಿಲ್ಲುತ್ತದೆ. ಅದೇ ಕುಟುಂಬದ ಬೇರೆ ಅಮೀನ್‌ಗಳನ್ನು ಬಳಸಿದರೆ ಅವೂ ಕ್ವಿನೋನ್‌ಗಳಾಗಬಲ್ಲವು. ಮುಖ್ಯ ಸರಪಳಿಯಲ್ಲಿ ದ್ವಿಬಂಧವೇ ಇಲ್ಲದ ಇಪಿಡಿಎಂ ರಬ್ಬರನ್ನು ಟೈರ್‌ನ ಪಕ್ಕೆಯ ಭಾಗದಲ್ಲಿ ಬೆರೆಸುವ ದಾರಿ ಇದೆ. ಓಝೋನ್‌ಗೆ ಅಲ್ಲಿ ಕತ್ತರಿಸಲು ಏನೂ ಸಿಗುವುದಿಲ್ಲ. ಆದರೆ ಅದು ಉಳಿದ ರಬ್ಬರ್‌ಗಳೊಂದಿಗೆ ಚೆನ್ನಾಗಿ ಬೆಸೆಯುವುದಿಲ್ಲ, ಮತ್ತು ಸುರಕ್ಷತೆಯ ಪ್ರಶ್ನೆಯಿರುವಲ್ಲಿ ಬೆಸುಗೆಯ ದೌರ್ಬಲ್ಯವನ್ನು ಯಾರೂ ಸಹಿಸುವಂತಿಲ್ಲ.

ಇನ್ನು ಮರುಬಳಕೆಯ ವಿಚಾರ. ಬಳಸಿದ ಪ್ಲಾಸ್ಟಿಕ್ಕನ್ನು ಪುನಃ ಕರಗಿಸಿದಾಗ ಅದರಲ್ಲಿನ ಹಳೆಯ ಆಂಟಿಆಕ್ಸಿಡೆಂಟ್ ಬಹುಪಾಲು ಖರ್ಚಾಗಿರುತ್ತದೆ, ಹಿಂದಿನ ಬಾಳಿಕೆಯಲ್ಲಿ ಸೇರಿದ ಹೈಡ್ರೋಪೆರಾಕ್ಸೈಡ್ ಮತ್ತು ಕಾರ್ಬೊನಿಲ್ ಗುಂಪುಗಳು ಹೊಸ ಉತ್ಕರ್ಷಣಕ್ಕೆ ಬೀಜವಾಗುತ್ತವೆ. ಹಾಗಾಗಿ ಮರುಬಳಕೆಯ ಘಟಕಗಳು ಹೊಸದಾಗಿ ಆಂಟಿಆಕ್ಸಿಡೆಂಟ್ ಸೇರಿಸಲೇಬೇಕು. ಸರಪಳಿಗೆ ಕಟ್ಟಿದ ಗುಂಪುಗಳು ತೊಳೆಯುವ ಹಂತದಲ್ಲಿ ಹೋಗುವುದಿಲ್ಲವಾದ್ದರಿಂದ ಮುಂದಿನ ಸುತ್ತಿಗೂ ಒಂದಿಷ್ಟು ರಕ್ಷಣೆ ಉಳಿಯುತ್ತದೆ ಎಂಬುದು ಅವುಗಳ ಪರವಾದ ಗಟ್ಟಿ ವಾದ. ಅದೇ ಗುಣದ ಇನ್ನೊಂದು ಮುಖವೆಂದರೆ, ಪರಿಸರಕ್ಕೆ ಸೇರಿದ ಅಂಥ ಪ್ಲಾಸ್ಟಿಕ್ ಚೂರು ಅಷ್ಟೇ ಹೆಚ್ಚು ಕಾಲ ಹಾಳಾಗದೆ ಉಳಿಯಬಹುದು. ಆದ್ದರಿಂದ ಮರಳಿ ಸಂಗ್ರಹಿಸಲು ಸಾಧ್ಯವಿರುವ ಕೊಳವೆ, ಕೇಬಲ್, ವೈದ್ಯಕೀಯ ಸಾಧನಗಳಲ್ಲಿ ಬಂಧಿತ ಆಂಟಿಆಕ್ಸಿಡೆಂಟ್‌ಗೆ ಮೊದಲ ಆದ್ಯತೆ ಕೊಡುವುದೂ, ಬಳಸಿ ಬಿಸಾಡುವ ತೆಳು ಹಾಳೆಗಳಲ್ಲಿ ಅದನ್ನು ಬಳಸದಿರುವುದೂ ಈಗಿನ ತಿಳಿವಳಿಕೆಯ ಮಟ್ಟಿಗೆ ಸರಿಯಾದ ವಿಂಗಡಣೆ.